ಸಾಲಿನ ಕೊನೆಯವಳು

"ಕೊನೆಗೆ ಬಂದವರೇ ಪೊರಕೆ! ಯಾರೇ ಆಗಿರಲಿ, ಬಿಡೋ ಮಾತೇ ಇಲ್ಲ!"

ಬಸ್ಸಿನಿಂದ ಇಳಿದ ಯಾಸ್ನಾಳ ಕಿವಿಗೆ ಮೊದಲು ಬಿದ್ದದ್ದು ದೋನ್ ಒಸ್ವಾಲ್ದೊ ಅವರ ಈ ಕೂಗು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ, ಗಂಟಲು ಇನ್ನೂ ಹಾರ್ನಿನಂತೆಯೇ ಇತ್ತು. ಬಂದವಳು ಯಾರೆಂದು ತಿರುಗಿ ನೋಡಿದವರು ಹಾಗೇ ಬಾಯಿ ಮುಚ್ಚಿಕೊಂಡರು.

ರಸ್ತೆ ಮುಗಿಯುವ ಆ ಜಾಗದಲ್ಲಿ ಏಳು ಜನ ನಿಂತಿದ್ದರು. ಆರು ಜನ ಯಾಸ್ನಾಳನ್ನು ನೋಡಿದರು.

ಏಳನೆಯವನು ನೋಡಲಿಲ್ಲ.

ಅವನು ಹಿಮದಲ್ಲಿ ಒಂದು ಮೊಣಕಾಲೂರಿ, ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳ ಬೂಟಿಗೆ ಅಗಲವಾದ ಹಿಮಪಾದುಕೆ ಕಟ್ಟಿಕೊಡುತ್ತಿದ್ದ. ಯಾಸ್ನಾಳ ಬೂಟುಗಳು ಅವನ ಕಣ್ಣಿನ ಅಂಚಿಗೆ ಬಂದು ನಿಂತವು. ಅಷ್ಟೇ! ಪಟ್ಟಿ ಎಳೆಯುತ್ತಿದ್ದ ಅವನ ಕೈ ಅಲ್ಲಿಗೇ ನಿಂತಿತು.

ಫೆರ್ಮಿನ್...

ಎರಡು ಚಳಿಗಾಲ ಕಳೆದಿತ್ತು. ಅವನ ಕತ್ತಿನ ಹಿಂಭಾಗದ ಆ ಸುಟ್ಟ ಕಂದು ಬಣ್ಣ ಹಾಗೇ ಇತ್ತು. ವಾರವಿಡೀ ಹೆದ್ದಾರಿಯಲ್ಲಿ ಹಿಮ ಬಾಚುವ ಲಾರಿ ಓಡಿಸುವುದು, ಶನಿವಾರ ಬಂತೆಂದರೆ ಇಷ್ಟು ಜನರನ್ನು ಕಟ್ಟಿಕೊಂಡು ಮತ್ತೆ ಅದೇ ಹಿಮಕ್ಕೆ ಬರುವುದು. 'ನಿನಗೆ ಇದು ಸಾಕಾಗಲ್ವಾ?' ಎಂದು ಹಿಂದೆ ಎಷ್ಟು ಸಲ ಕೇಳಿದ್ದಳೋ!

"ಬಂದ್ಯಾ ಮಗಳೇ!" ಊರಿಗೆಲ್ಲ ಚಿಕ್ಕಮ್ಮನಂತಿದ್ದ ತಿಯಾ ಎರ್ಮಿಂದ ಎರಡೂ ಕೈ ಚಾಚಿ ಬಂದು ತಬ್ಬಿಕೊಂಡರು. "ನಂಗೆ ಎಪ್ಪತ್ತಾಯ್ತು. ನೀನು ಬರದೇ ಇದ್ದಿದ್ರೆ ಎಂಬತ್ತರ ತನಕ ಮಾತು ಬಿಡ್ತಿದ್ದೆ."

"ಫೋನಲ್ಲಿ ಅದನ್ನೇ ಹೇಳಿ ಹೆದರಿಸಿದ್ರಲ್ಲ ತಿಯಾ. ಬರದೇ ಏನ್ಮಾಡ್ಲಿ?"

ಆದರೆ ಅವಳು ಬಂದದ್ದು ಹುಟ್ಟುಹಬ್ಬಕ್ಕಲ್ಲ. ಅದು ತಿಯಾಗೂ ಗೊತ್ತಿತ್ತು. ಅವಳು ಬಂದದ್ದು ಒಂದು ಪ್ರಶ್ನೆ ಕೇಳಲು. ಒಂದೇ ಒಂದು. ಉತ್ತರ ಸಿಕ್ಕರೆ ಸರಿ. ಸಿಗದಿದ್ದರೆ ಈ ಬೆಟ್ಟಕ್ಕೂ ಇವನಿಗೂ ಇವತ್ತಿಗೆ ಕೊನೆ. ತಾನಿರುವ ತೆಮುಕೊ ನಗರದಿಂದ ಬರುವ ಬಸ್ಸಿನಲ್ಲಿ ಮೂರು ಗಂಟೆ ಹೊತ್ತು ಇದನ್ನೇ ತನಗೆ ತಾನೇ ಹೇಳಿಕೊಂಡು ಬಂದಿದ್ದಳು.

ಫೆರ್ಮಿನ್ ಎದ್ದು ನಿಂತ. ಕೈಗವಸಿನ ಹಿಮ ಕೊಡವಿದ.

"ಅವಳು ಪೊರಕೆ ಬೇಡ," ಅಂದ. ಯಾಸ್ನಾಳಿಗಲ್ಲ, ತಿಯಾಗೆ. "ದೋನ್ ಒಸ್ವಾಲ್ದೊ ಆಗಲಿ."

ಎದೆಗೆ ಚುಚ್ಚಿದಂತಾಯಿತು. 'ಎರಡು ವರ್ಷದ ಮೇಲೆ ಇವನ ಬಾಯಿಂದ ಬಂದ ಮೊದಲ ಮಾತು ಇದು! ಇಷ್ಟೂ ಕೈಲಾಗದವಳಾ ನಾನು?'

"ಕೊನೆಗೆ ಬಂದವಳು ನಾನೇ ತಾನೇ?" ಅವಳು ಬಗ್ಗಿ ತನ್ನ ಹಿಮಪಾದುಕೆಗಳನ್ನು ತಾನೇ ಕಟ್ಟಿಕೊಂಡಳು. "ನಾನೇ ಪೊರಕೆ."

ಇಲ್ಲಿಯವರ ಪದ್ಧತಿ ಇದು. ಎಲ್ಲರೂ ಒಂದೇ ಸಾಲು. ಮುಂದಿರುವವರು ಹೊಸ ಹಿಮ ತುಳಿದು ದಾರಿ ಮಾಡಬೇಕು. ಅದು ಎತ್ತಿನ ಕೆಲಸ. ನೂರು ಹೆಜ್ಜೆ ಆದ ಮೇಲೆ ಅವರು ಬದಿಗೆ ಸರಿದು, ಸಾಲನ್ನೆಲ್ಲ ಮುಂದಕ್ಕೆ ಬಿಟ್ಟು, ಹಿಂದೆ ಬಂದು ಸೇರಿಕೊಳ್ಳಬೇಕು. ಒಬ್ಬರು ಮಾತ್ರ ಜಾಗ ಬದಲಿಸುವಂತಿಲ್ಲ. ಆ ಒಬ್ಬರೇ ಪೊರಕೆ. ದಿನವಿಡೀ ಎಲ್ಲರಿಗಿಂತ ಹಿಂದೆ. ಬಿದ್ದವರನ್ನು, ನಿಂತವರನ್ನು, ಬಿಚ್ಚಿದ ಪಟ್ಟಿ ಕಟ್ಟಿಕೊಳ್ಳುತ್ತ ಕುಳಿತವರನ್ನು ಗುಡಿಸಿಕೊಂಡು ಬರುವುದು ಅವರ ಕೆಲಸ. ಏನೇ ಆದರೂ ಹೊಣೆ ಅವರದು.

ಫೆರ್ಮಿನ್ ನಿಯಮಗಳನ್ನು ಒಪ್ಪಿಸತೊಡಗಿದ. "ಸೀಟಿ ಊದಿದ ತಕ್ಷಣ ಎಣಿಕೆ. ಮುಂದಿರೋರು ಒಂದು ಅನ್ನಬೇಕು, ಹಾಗೇ ಹಿಂದಕ್ಕೆ ಬರಬೇಕು. ಪೊರಕೆ ಎಂಟು ಅಂದ್ರೆ ಎಲ್ಲರೂ ಇದ್ದೀವಿ ಅಂತ. ಎಣಿಕೆ ನಡೀವಾಗ ಯಾರೂ ಸಾಲು ಬಿಡಂಗಿಲ್ಲ. ಸತ್ತೇ ಹೋಗ್ತೀನಿ ಅನ್ಸಿದ್ರೂ ನಿಂತಲ್ಲೇ ನಿಂತಿರಿ."

"ನಿಂತಲ್ಲೇ ಸಾಯಿರಿ ಅಂತ," ಎಂದರು ದೋನ್ ಒಸ್ವಾಲ್ದೊ. ಊರಿನಲ್ಲಿ ಬೇಕರಿ ನಡೆಸುವ ಅಕ್ಕ-ತಂಗಿ ಇಬ್ಬರೂ ಕಿಸಕ್ಕೆಂದರು.

ಯಾಸ್ನಾ ಅರ್ಧ ಕಿವಿಯಲ್ಲಿ ಕೇಳುತ್ತಿದ್ದಳು. ಅವಳ ಕಣ್ಣು ಅವನ ಮುಖದ ಮೇಲಿತ್ತು. ಅವನ ಕಣ್ಣು ಮಾತ್ರ ಒಮ್ಮೆಯೂ ಇತ್ತ ಬರಲಿಲ್ಲ.

*

ಕಾಡಿನ ಮೊದಲ ಪೆವೆನ್ ಮರದ ಬುಡದಲ್ಲಿ ತಿಯಾ ಎರ್ಮಿಂದ ನಿಂತು, ಜೇಬಿನಿಂದ ಒಂದು ಹಿಡಿ ಹುರಿಹಿಟ್ಟು ತೆಗೆದು ಹಿಮದ ಮೇಲೆ ಇಟ್ಟರು. ತಮ್ಮವರ ಭಾಷೆಯಲ್ಲಿ ಮರದೊಡನೆ ಏನೋ ಮೆಲ್ಲಗೆ ಆಡಿದರು. ಒಳಗೆ ಬರಲು ಒಪ್ಪಿಗೆ ಕೇಳುವುದು. ದೋನ್ ಒಸ್ವಾಲ್ದೊ ಕೂಡ ಟೋಪಿ ತೆಗೆದರು.

ಆಮೇಲೆ ಒಳಗೆ ಹೋದರು.

ಮೂರೇ ನಿಮಿಷದಲ್ಲಿ ಜಗತ್ತಿನ ಸದ್ದೆಲ್ಲ ಆರಿಹೋಯಿತು.

ಯಾಸ್ನಾ ಮರೆತೇಬಿಟ್ಟಿದ್ದಳು... ಇದು ಹೀಗಿರುತ್ತದೆಂದು! ಆಮೆಯ ಬೆನ್ನಿನಂಥ ತೊಗಟೆ ಹೊತ್ತು ಕಂಬಗಳಂತೆ ಎದ್ದ ಮರಗಳು. ಎಷ್ಟೋ ಎತ್ತರದಲ್ಲಿ ಬಿಚ್ಚಿದ ಕೊಡೆಗಳ ಹಾಗೆ ಕೊಂಬೆಗಳು, ಪ್ರತಿ ಕೊಡೆಯ ಮೇಲೂ ಹಾಸಿಗೆಯಷ್ಟು ದಪ್ಪದ ಹಿಮ. ಕೊಂಬೆಗಳಿಂದ ಇಳಿಬಿದ್ದ ಪಾಚಿಯ ಗಡ್ಡಗಳು ಹೆಪ್ಪುಗಟ್ಟಿ, ಬಿಸಿಲು ಬಿದ್ದಲ್ಲಿ ಮಾತ್ರ ಒಂದೊಂದು ಎಳೆಯಾಗಿ ಹೊಳೆಯುತ್ತಿದ್ದವು. ಎಲ್ಲೋ ದೂರದಲ್ಲಿ ಮರಕುಟಿಗವೊಂದು ಎರಡು ಸಲ ಬಡಿಯಿತು. ಮತ್ತೆ ಮೌನ. ತಮ್ಮ ಎಂಟು ಜೊತೆ ಹಿಮಪಾದುಕೆಗಳ ಸರ್... ಸರ್... ಸದ್ದು ಕೂಡ ಯಾರದೋ ಮನೆಯೊಳಗೆ ಕಾಲಿಟ್ಟಂತೆ ಹೆದರಿ ಹೆದರಿ ಬರುತ್ತಿತ್ತು.

'ಇದನ್ನು ಬಿಟ್ಟು ಎರಡು ವರ್ಷ ಹೇಗಿದ್ದೆ?'

ತೆಮುಕೊದ ಆಸ್ಪತ್ರೆಯಲ್ಲಿ ದಿನವಿಡೀ ಕತ್ತಲ ಕೋಣೆಯಲ್ಲಿ ನಿಂತು ಎಕ್ಸ್‌ರೇ ತೆಗೆಯುವುದು ಅವಳ ಕೆಲಸ. ಕಪ್ಪು ಹಾಳೆಯ ಮೇಲೆ ಬಿಳಿ ಮೂಳೆ. ಇಲ್ಲಿ ಬಿಳಿಯ ಮೇಲೆ ಕಪ್ಪು ಮರ.

ತಮ್ಮ ನೂರು ಹೆಜ್ಜೆ ಮುಗಿಸಿ ದೋನ್ ಒಸ್ವಾಲ್ದೊ ಏದುಸಿರು ಬಿಡುತ್ತ ಅವಳ ಮುಂದೆ ಬಂದು ಸೇರಿಕೊಂಡರು.

"ಪೊರಕಮ್ಮಾ, ದಾರೀಲಿ ನನ್ನ ಮೂಳೆ ಏನಾದ್ರೂ ಉದುರಿದ್ರೆ ಗುಡಿಸಿಕೊಂಡು ಬಾರಮ್ಮ."

"ನಿಮ್ಮ ಮೂಳೆ ಎಲ್ಲಾ ಫೋಟೋ ತೆಗೆದು ನೋಡಿದ್ದೀನಿ ದೋನ್. ಒಂದೂ ಸಡಿಲ ಇಲ್ಲ. ನಾಲಿಗೆ ಒಂದೇ ಸಡಿಲ."

ಅವರು ಭುಜ ಕುಣಿಸಿ ನಕ್ಕರು. ಸ್ವಲ್ಪ ದೂರ ಹೋದ ಮೇಲೆ ದನಿ ತಗ್ಗಿಸಿದರು. "ಫೆರ್ಮಿನ್ ಎರಡು ವರ್ಷದಿಂದ ಪೊರಕೆ ಆಗಿಲ್ಲ, ಗೊತ್ತಾ? ಎಲ್ಲರಿಗಿಂತ ಒಂದು ಗಂಟೆ ಮುಂಚೆ ಬಂದು ಚಳೀಲಿ ನಿಂತಿರ್ತಾನೆ. ಎಲ್ಲಿ ಕೊನೆಯವನಾಗಿಬಿಡ್ತೀನೋ ಅಂತ."

ಯಾಸ್ನಾ ಅವರ ಹೆಜ್ಜೆಗುರುತಿನಲ್ಲೇ ಹೆಜ್ಜೆಯಿಡುತ್ತ ನಡೆದಳು.

ಆ ದಿನ ನೆನಪಾಗದಿದ್ದರೆ ಸಾಕಿತ್ತು. ಆದರೆ ನೆನಪಾಯಿತು.

ಎರಡು ವರ್ಷದ ಹಿಂದೆ, ಮದುವೆಗೆ ಇನ್ನು ಆರೇ ವಾರ. ಅವಳಿಗದು ಹಿಮದ ಮೊದಲ ಚಳಿಗಾಲ. ಆ ಬೆಳಿಗ್ಗೆ ಇಬ್ಬರೂ ಜಗಳವಾಡಿದ್ದರು. 'ನಾನು ತೆಮುಕೊ ಬಿಟ್ಟು ಬರಲ್ಲ, ನನ್ನ ಕೆಲಸ ಅಲ್ಲಿದೆ' ಎಂದಿದ್ದಳು ಇವಳು. ಅವನು 'ಸರಿ' ಎಂದು ಮುಖ ಗಂಟಿಕ್ಕಿ ಸಾಲಿನ ಕೊನೆಗೆ ಹೋಗಿ ನಿಂತಿದ್ದ. ಆವತ್ತು ಅವನೇ ಪೊರಕೆ. ಮಧ್ಯಾಹ್ನ ಬಿಳಿಗಾಳಿ ಎದ್ದಿತು. ಎದ್ದ ಹಿಮ, ಬೀಳುವ ಹಿಮ ಎರಡೂ ಒಂದಾಗಿ, ಚಾಚಿದ ಕೈಯೂ ಕಾಣದ ಗಾಳಿ. ಅವಳು ಮರವೊಂದರ ಮರೆಗೆ ಸರಿದಿದ್ದಳು. ತಿರುಗಿ ನೋಡಿದರೆ ಸಾಲೇ ಇಲ್ಲ!

ನಲವತ್ತು ನಿಮಿಷ. ಒಬ್ಬಳೇ. ಕೂಗಿದ ಕೂಗು ತನ್ನ ಬಾಯಿಗೇ ಮರಳಿ ಬರುತ್ತಿತ್ತು.

ಕೊನೆಗೆ ಅವನೇ ಹುಡುಕಿಕೊಂಡು ಬಂದ. ಅವಳು ಅವನ ಎದೆಗೆ ಗುದ್ದಿ ಕೇಳಿದ್ದಳು: 'ನೀನು ಪೊರಕೆ ಅಲ್ವಾ? ನನ್ನ ಮುಂದೇನೇ ಹೇಗೆ ಹೊರಟುಹೋದೆ?'

'ಹೌದು. ನಾನು ನೋಡಲಿಲ್ಲ. ತಪ್ಪು ನನ್ನದೇ' ಎಂದಿದ್ದ. ಅಷ್ಟೇ! ಒಂದು ಕಾರಣವಿಲ್ಲ, ಒಂದು ನೆಪವಿಲ್ಲ. ಸಿಟ್ಟಿನಲ್ಲಿ ನನ್ನನ್ನು ಮರೆತುಬಿಟ್ಟ ಎಂದುಕೊಂಡಳು. ಮರೆಯುವವನ ಜೊತೆ ಬಾಳುವುದು ಹೇಗೆ? ಉಂಗುರವನ್ನು ತಿಯಾ ಕೈಯಲ್ಲಿ ಕಳಿಸಿಬಿಟ್ಟಿದ್ದಳು.

*

ಹತ್ತೂವರೆಯ ಹೊತ್ತಿಗೆ ಫೆರ್ಮಿನ್‌ನ ಸರದಿ ಮುಗಿದು, ಅವನು ಬದಿಗೆ ಸರಿದು ನಿಂತ. ಎಲ್ಲರೂ ದಾಟಿಹೋದರು. ಅವಳ ಮುಂದೆ ಬಂದು ಸೇರಿಕೊಂಡ. ಹಿಂದಕ್ಕೆ ತಿರುಗದೆ ನಡೆದ.

"ಚೆನ್ನಾಗಿದ್ದೀಯಾ?"

"ಇದ್ದೀನಿ."

"ತೆಮುಕೊದಲ್ಲಿ ಹಿಮ ಬೀಳಲ್ಲ ಅಲ್ವಾ?"

"ಮಳೆ ಬೀಳುತ್ತೆ."

ಹತ್ತು ಹೆಜ್ಜೆ... ಇಪ್ಪತ್ತು ಹೆಜ್ಜೆ...

'ಕೇಳು! ಈಗಲ್ಲದೆ ಇನ್ನು ಯಾವಾಗ?'

"ಫೆರ್ಮಿನ್, ಆವತ್ತು ಯಾಕೆ ನನ್ನ ಬಿಟ್ಟುಹೋದೆ?"

ಅವನ ಬೆನ್ನು ಸೆಟೆಯಿತು.

"ಆವತ್ತೇ ಹೇಳಿದ್ದೆನಲ್ಲ. ತಪ್ಪು ನನ್ನದು."

"ಅದು ಉತ್ತರ ಅಲ್ಲ! ನಾನು ತಪ್ಪು ಯಾರದು ಅಂತ ಕೇಳ್ತಿಲ್ಲ. ಯಾಕೆ ಅಂತ ಕೇಳ್ತಿದ್ದೀನಿ."

"ಅದಕ್ಕಿಂತ ಜಾಸ್ತಿ ನನ್ನ ಹತ್ತಿರ ಇಲ್ಲ ಯಾಸ್ನಾ."

ಮುಗಿಯಿತು. ಮೂರು ಗಂಟೆಯ ಬಸ್ಸು, ಎರಡು ವರ್ಷದ ಕಾಯುವಿಕೆ... ಕೊನೆಗೆ ಸಿಕ್ಕಿದ್ದು ಅದೇ ಮುಚ್ಚಿದ ಬಾಗಿಲು! ಕಣ್ಣಿನ ನೀರು ಕೆನ್ನೆಗಿಳಿಯುವ ಮೊದಲೇ ತಣ್ಣಗಾಯಿತು. 'ಸರಿ. ಸಂಜೆಯ ಬಸ್ಸು ಹತ್ತಿದ ಮೇಲೆ ಇತ್ತ ತಲೆ ಹಾಕಿ ಮಲಗುವುದೂ ಇಲ್ಲ.'

ಅಷ್ಟರಲ್ಲಿ ಮುಂದೆ ಇದ್ದ ತಿಯಾ ಕೋಲು ಎತ್ತಿ ತೋರಿಸಿದರು.

ದಿಬ್ಬದ ನೆತ್ತಿ ಕಾಣುತ್ತಿರಲಿಲ್ಲ. ನೆತ್ತಿ ಇದ್ದ ಜಾಗದಿಂದ ಬಿಳಿಯ ಗೋಡೆಯೊಂದು ಸದ್ದಿಲ್ಲದೆ ಇಳಿದು ಬರುತ್ತಿತ್ತು.

"ಬಿಳಿಗಾಳಿ," ಅಂದ ಫೆರ್ಮಿನ್. ಅವನ ದನಿ ಬೇರೆಯಾಗಿತ್ತು. "ಹಿಂದೆ ಹೋಗೋದು ದೂರ. ಮೇಲೆ ಕುರಿಯವರ ಬೇಸಿಗೆ ಗುಡಿಸಲು ಹತ್ತಿರ. ಒಬ್ಬರ ಬೆನ್ನು ಒಬ್ಬರು ಬಿಡಬೇಡಿ!"

ಅವಳತ್ತ ತಿರುಗಿ, ಇವತ್ತು ಮೊದಲ ಬಾರಿಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಏನೋ ಹೇಳಲು ಬಾಯಿ ತೆರೆದ.

ಗಾಳಿ ಬಂದೇಬಿಟ್ಟಿತು.

*

ಬಿಳಿ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಯಾಸ್ನಾಳಿಗೆ ಕಾಣುತ್ತಿದ್ದದ್ದು ಮುಂದಿನವರ ಬೆನ್ನು ಒಂದೇ. ಒಂದಾದ ಮೇಲೊಂದು ಬೆನ್ನು ಬಂದು ಸೇರಿಕೊಂಡಿತು, ಮುಂದೆ ಸರಿಯಿತು. ಕೊನೆಗೆ ತಿಯಾ ಎರ್ಮಿಂದರ ಹಳದಿ ಚೀಲ ಅವಳ ಮುಂದೆ ಬಂತು. ಇನ್ನು ದಾರಿ ತುಳಿಯುವ ಸರದಿ ದೋನ್ ಒಸ್ವಾಲ್ದೊ ಅವರದು.

ಸೀಟಿ ಕೇಳಿಸಿತು.

ಗಾಳಿಯ ನಡುವೆ ಎಲ್ಲೋ ಮುಂದಿನಿಂದ ಹಾರ್ನಿನಂಥ ಗಂಟಲು: "ಒಂದೂ!"

ಎರಡು... ಮೂರು... ದನಿಗಳು ಹಗ್ಗ ಹಿಡಿದು ಬಂದಂತೆ ಅವಳತ್ತ ಬಂದವು. "ಏಳು!" ಅಂದರು ತಿಯಾ.

"ಎಂಟು!" ಎಂದು ಕೂಗಿದಳು ಯಾಸ್ನಾ.

ಎಲ್ಲರೂ ಇದ್ದಾರೆ. ಎದೆ ಹಗುರಾಯಿತು. ಸಾಲು ಹೊರಟಿತು.

ಹಳದಿ ಚೀಲವನ್ನೇ ನೋಡುತ್ತ ನಡೆದಳು. ನಡೆದಳು... ನಡೆದಳು... ಬಹಳ ಹೊತ್ತು ಅದೇ ಹಳದಿ ಚೀಲ. ಆಮೇಲೆ ಬದಿಯಿಂದ ಒಂದು ಆಕೃತಿ ಬಂದು ತಿಯಾ ಹಿಂದೆ ಸೇರಿಕೊಂಡಿತು. ನೀಲಿ ಕೋಟು. ಹೊಸ ಮದುವೆಯ ಹುಡುಗಿ.

ಯಾಸ್ನಾಳ ಕಾಲು ನಿಂತಿತು.

ತಿಯಾ ಆದ ಮೇಲೆ ದೋನ್ ಒಸ್ವಾಲ್ದೊ ಬರಬೇಕು. ಅವರು ಬಂದು ಒಂದು ತಮಾಷೆ ಮಾಡಬೇಕು. ಆಮೇಲೆ ಈ ಹುಡುಗಿ.

"ದೋನ್ ಒಸ್ವಾಲ್ದೊ ಎಲ್ಲಿ?" ಕೂಗಿ ಕೇಳಿದಳು.

"ನನಗಿಂತ ಮುಂಚೇನೇ ಬದಿಗೆ ಸರಿದರಲ್ಲಕ್ಕ... ಒಂದು ಅಂದರು, ಆ ಕಡೆ ಸರಿದರು. ಇಲ್ಲಿ ಬಂದಿಲ್ವಾ?"

ಎಂಟು ಎಣಿಸಿದ್ದೆವು! ನಾನೇ ಎಂಟು ಅಂದೆ! ಆದರೂ ಒಬ್ಬರಿಲ್ಲ!

ಕೊರಳಲ್ಲಿ ತೂಗುತ್ತಿದ್ದ ಸೀಟಿ ತುಟಿಗೆ ತಂದು ಮೂರು ಸಲ ಊದಿದಳು. ಮತ್ತೆ ಮೂರು ಸಲ.

ಬಿಳುಪನ್ನು ಸೀಳಿಕೊಂಡು ಫೆರ್ಮಿನ್ ಬಂದ. ಅವಳು ಹೇಳುವ ಮೊದಲೇ ಅವನಿಗೆ ಅರ್ಥವಾದಂತಿತ್ತು.

"ಯಾರು?"

"ದೋನ್ ಒಸ್ವಾಲ್ದೊ."

"ತಿಯಾ, ಇವರನ್ನೆಲ್ಲ ಒಂದೇ ಕಡೆ ಕೂಡಿಸಿ. ಯಾರೂ ಕದಲಬಾರದು. ಯಾಸ್ನಾ, ನೀನು ಇಲ್ಲೇ ಇರು."

"ನಾನು ಪೊರಕೆ. ನಾನು ಬರ್ತೀನಿ."

ಅವನು ವಾದ ಮಾಡಲಿಲ್ಲ. ಸೊಂಟದ ಹಗ್ಗದ ತುದಿಯನ್ನು ಅವಳ ಸೊಂಟಕ್ಕೆ ಕಟ್ಟಿದ. ತುಳಿದ ದಾರಿ ಆಗಲೇ ಅರ್ಧ ಮುಚ್ಚಿಹೋಗಿತ್ತು. ಕೋಲಿನಿಂದ ತಡವುತ್ತ, ಗಟ್ಟಿ ಸಿಕ್ಕಲ್ಲಿ ಕಾಲಿಡುತ್ತ ಹಿಂದಕ್ಕೆ ನಡೆದರು.

"ಎಣಿಕೆ ಎಂಟು ಬಂತು ಫೆರ್ಮಿನ್! ನನ್ನಾಣೆ, ಎಂಟೂ ಕೇಳಿಸ್ತು!"

"ಬರುತ್ತೆ."

"ಹೇಗೆ ಬರುತ್ತೆ?"

"ಮುಂದೆ ಇರೋರು ಒಂದು ಅಂತ ಕೂಗಿ, ಎಣಿಕೆ ಹಿಂದಕ್ಕೆ ಹೋಗ್ತಾ ಇರೋವಾಗಲೇ ಸಾಲು ಬಿಟ್ಟರೆ... ಲೆಕ್ಕ ಪೂರ್ತಿ ಇರುತ್ತೆ. ಮನುಷ್ಯ ಇರಲ್ಲ. ಗಾಳೀಲಿ ಪಕ್ಕದಲ್ಲೇ ದಾಟಿಹೋದರೂ ಕಾಣಲ್ಲ."

"ನಿನಗೆ ಹೇಗೆ ಗೊತ್ತು?"

ಅವನು ಹೆಚ್ಚು ಮಾತಾಡಿಬಿಟ್ಟವನಂತೆ ತುಟಿ ಬಿಗಿದು, "ದೋನ್ ಒಸ್ವಾಲ್ದೊ!" ಎಂದು ಗಾಳಿಗೆ ಕೂಗಿದ.

ಉತ್ತರವಿಲ್ಲ.

ಯಾಸ್ನಾ ದಾರಿಯ ಎರಡೂ ಬದಿಗೆ ಕೋಲು ಚುಚ್ಚಿ ಚುಚ್ಚಿ ಹುಡುಕಿದಳು. 'ನಾನು ದಾಟಿಹೋದೆ. ಅವರು ಇಲ್ಲೇ ಎಲ್ಲೋ ಇದ್ದರು, ನಾನು ಅವರ ಪಕ್ಕದಲ್ಲೇ ದಾಟಿಹೋದೆ...' ಅವರ ಹೆಂಡತಿಗೆ ಏನು ಹೇಳುವುದು? ಎಂಟು ಎಂದು ಕೂಗಿದವಳು ಅವಳೇ. ಅದನ್ನು ಯಾರ ಮುಂದೆ ಬಿಚ್ಚಿಡುವುದು?

ಪೆವೆನ್ ಮರವೊಂದರ ಕಾಂಡ ಬಿಳುಪಿನಿಂದ ಮೆಲ್ಲಗೆ ಮೂಡಿತು. ಅದರ ಬುಡದಲ್ಲಿ ಗಾಳಿ ಕೊರೆದ ಆಳವಾದ ಗುಂಡಿ. ಗುಂಡಿಯೊಳಗೆ, ಒಂದು ಕಾಲಲ್ಲಿ ಮಾತ್ರ ಹಿಮಪಾದುಕೆ ಇದ್ದ, ಮುದುರಿ ಕುಳಿತ ಒಂದು ಆಕಾರ.

"ದೋನ್!"

"ಪಟ್ಟಿ ಕಿತ್ತುಬಂತು," ಅಂದರು ಅವರು. ಹಾರ್ನಿನ ಗಂಟಲು ಇರಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು. "ಕಟ್ಟಿಕೊಳ್ಳೋಣ ಅಂತ ಮರದ ಮರೆಗೆ ಬಂದೆ, ಜಾರಿಬಿದ್ದೆ... ಕೂಗಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ..."

ಇಬ್ಬರೂ ಇಳಿದು ಅವರನ್ನು ಎಬ್ಬಿಸಿದರು. ಯಾಸ್ನಾ ತನ್ನ ಕೈಗವಸು ಕಿತ್ತು ಅವರ ಕೆನ್ನೆಗಳನ್ನು ಉಜ್ಜಿದಳು. ರೆಪ್ಪೆಗಳ ಮೇಲೆ ಹಿಮ ಕಟ್ಟಿತ್ತು. ಆ ರೆಪ್ಪೆಗಳ ಒಳಗಿಂದ ಮುದುಕರು ಅವಳನ್ನು ಮಗುವಿನ ಹಾಗೆ ನೋಡಿದರು.

"ನೀನು ಪೊರಕೆ ಅಲ್ವಾ ಮಗಳೇ?" ತುಟಿ ಅದುರಿತು. "ನನ್ನ ಮುಂದೇನೇ ಹೇಗೆ ಹೊರಟುಹೋದೆ?"

'ಸಾಲು ಬಿಟ್ಟವರು ನೀವು! ಎಣಿಕೆ ನಡೆಯುತ್ತಿರುವಾಗಲೇ ಬಿಟ್ಟವರು ನೀವು!' ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ನಡುಗುವ ಗಲ್ಲ... ಆ ಕಣ್ಣೊಳಗಿನ ಭಯ... ಈಗ ಅದನ್ನು ಹೇಳಿದರೆ ಈ ಮನುಷ್ಯ ಮುಂದಿನ ಶನಿವಾರ ಮನೆಯಲ್ಲೇ ಕೂರುತ್ತಾರೆ. ಅದರ ಮುಂದಿನದೂ. ಆಮೇಲೆ ಯಾವತ್ತೂ.

"ಹೌದು ದೋನ್," ಅಂದಳು. "ನಾನು ನೋಡಲಿಲ್ಲ. ತಪ್ಪು ನನ್ನದೇ."

ಹೇಳಿದ ಮರುಕ್ಷಣ ಅವಳ ಉಸಿರು ನಿಂತಿತು.

ಈ ಮಾತು... ಇದೇ ಮಾತು...

ಎರಡು ವರ್ಷದ ಹಿಂದೆ ಸಾಲಿನ ಮುಂದೆ ಇದ್ದವಳು ಯಾರು? ಸೀಟಿ ಊದಿದಾಗ "ಒಂದು!" ಎಂದು ಕೂಗಿದವಳು ಯಾರು? ನೂರು ಹೆಜ್ಜೆ ಆಯಿತಲ್ಲ ಎಂದು, ಕೂಗಿದ ತಕ್ಷಣ ಮರದ ಮರೆಗೆ ಸರಿದವಳು ಯಾರು?

ಅವಳು ನಿಧಾನವಾಗಿ ತಲೆ ಎತ್ತಿದಳು.

ಮುದುಕರ ಹೆಗಲ ಆಚೆಗೆ ಫೆರ್ಮಿನ್ ಅವಳನ್ನೇ ನೋಡುತ್ತಿದ್ದ. ಅವನ ಗಡ್ಡದ ತುಂಬ ಹಿಮ. ಕಣ್ಣು ಮಾತ್ರ ಒದ್ದೆಯಾಗಿತ್ತು.

*

ಗುಡಿಸಲಲ್ಲಿ ಬೆಂಕಿ ಹಿಡಿಯಿತು. 'ಮಾತೆ' ಎಂಬ ಸೊಪ್ಪಿನ ಬಿಸಿ ಕಷಾಯ ತುಂಬಿದ ಸೋರೆಬುರುಡೆ ಕೈಯಿಂದ ಕೈಗೆ ಸುತ್ತಿತು, ಬೇಯಿಸಿದ ಪೆವೆನ್ ಬೀಜಗಳ ಹಬೆ ಎದ್ದಿತು. ತಿಯಾ ದೋನ್ ಒಸ್ವಾಲ್ದೊ ಅವರಿಗೆ ಮೂರು ಕಂಬಳಿ ಹೊದಿಸಿ ಬೆಂಕಿಯ ಪಕ್ಕ ಕೂರಿಸಿದರು.

"ನನ್ನ ಹುಟ್ಟುಹಬ್ಬಕ್ಕೆ ಸತ್ತುಗಿತ್ತು ಬಿಟ್ಟೀಯಾ ಜೋಕೆ!"

"ಉಡುಗೊರೆ ತಂದಿರಲಿಲ್ಲ ಎರ್ಮಿಂದ, ಅದಕ್ಕೇ ಏನಾದ್ರೂ ಮಾಡೋಣ ಅಂತ..." ಗಂಟಲು ಅರ್ಧ ವಾಪಸ್ ಬಂದಿತ್ತು. ಬೇಕರಿಯ ಅಕ್ಕ-ತಂಗಿ ಅಳುತ್ತಲೇ ನಕ್ಕರು.

ಎರಡು ಗಂಟೆಗೆ ಗಾಳಿ ನಿಂತಿತು. ಬಾಗಿಲು ಹಾಕಿದಂತೆ, ಒಂದೇ ಸಲಕ್ಕೆ.

ಯಾಸ್ನಾ ಹೊರಗೆ ಬಂದಳು. ಬಂದವಳು ಅಲ್ಲೇ ನಿಂತುಬಿಟ್ಟಳು.

ಕಣಿವೆ ಇರಲಿಲ್ಲ! ಕಣಿವೆಯ ಜಾಗದಲ್ಲಿ ಅಲುಗದ ಮೋಡದ ಸಮುದ್ರ. ಅದರೊಳಗಿಂದ ಪೆವೆನ್ ಮರಗಳ ತಲೆಗಳು ಮಾತ್ರ ದ್ವೀಪಗಳ ಹಾಗೆ ಎದ್ದಿದ್ದವು. ಎದುರಿಗೆ, ಇಷ್ಟು ಹೊತ್ತು ಮರೆಯಾಗಿದ್ದ ಲೊಂಕಿಮಾಯ್ ಜ್ವಾಲಾಮುಖಿ, ಬುಡದಿಂದ ನೆತ್ತಿಯವರೆಗೆ ಒಂದೇ ಒಂದು ಗೀರಿಲ್ಲದ ಬಿಳುಪು. ನೆತ್ತಿಯಿಂದ ಹಿಮದ ಪುಡಿ ಬಿಸಿಲಿಗೆ ಹೊನ್ನಾಗಿ ಹಾರುತ್ತಿತ್ತು. ಅದರಾಚೆಗೆ ಇನ್ನೊಂದು ದೇಶದ ಬೆಟ್ಟಗಳು, ಅದರಾಚೆಗೆ ಮತ್ತೂ ಬೆಟ್ಟಗಳು...

ಇಷ್ಟು ದೊಡ್ಡದರ ಎದುರು ಎರಡು ವರ್ಷ ಎಷ್ಟರದು? ಒಂದು ಚಿಟಿಕೆ. ಆದರೆ ಅವಳ ಎದೆಯೊಳಗೆ ಅದು ಆ ಜ್ವಾಲಾಮುಖಿಗಿಂತ ಭಾರವಾಗಿತ್ತಲ್ಲ!

ಪಕ್ಕದಲ್ಲಿ ಹಿಮ ಸರಕ್ಕೆಂದಿತು. ಅವನೆಂದು ನೋಡದೆಯೇ ಗೊತ್ತಾಯಿತು.

"ಆವತ್ತು ಮುಂದೆ ಇದ್ದವಳು ನಾನು," ಅಂದಳು. "ಒಂದು ಅಂದೆ. ಎಣಿಕೆ ಮುಗಿಯೋದಕ್ಕೂ ಕಾಯದೆ ಸರಿದುಬಿಟ್ಟೆ."

ಅವನು ಬೂಟಿನ ತುದಿಯಿಂದ ಹಿಮ ಕೆದಕಿದ.

"ನಿನಗೆ ಆವತ್ತೇ ಗೊತ್ತಿತ್ತು."

"ನಿನ್ನನ್ನ ಹುಡುಕ್ತಾ ಬರುವಾಗ ಗೊತ್ತಾಯ್ತು. ದಾರೀಲಿ."

"ಯಾಕೆ ಹೇಳಲಿಲ್ಲ ಫೆರ್ಮಿನ್?"

"ನೀನು ನಡುಗ್ತಿದ್ದೆ. ಆಗ ಹೇಳೋ ಮಾತಾ ಅದು? ನಾಳೆ ಹೇಳೋಣ ಅಂದ್ಕೊಂಡೆ. ಮಾರನೇ ದಿನ ನೀನು ಫೋನ್ ತೆಗೀಲಿಲ್ಲ. ಆಮೇಲೆ ಉಂಗುರ ಬಂತು. ಅದಾದ ಮೇಲೆ ಹೇಳಿದ್ರೆ... ಮದುವೆ ಉಳಿಸ್ಕೊಳ್ಳೋಕೆ ತಪ್ಪನ್ನ ನಿನ್ನ ತಲೆಗೆ ಕಟ್ಟಿದ ಹಾಗೆ ಆಗ್ತಿತ್ತು." ಅವನು ಮೋಡದ ಕಡೆ ನೋಡಿದ. "ಮತ್ತೆ... ತಪ್ಪು ನನ್ನದೂ ಹೌದು. ನಾನು ಪೊರಕೆ. ನಾನು ನಿನ್ನ ದಾಟಿಹೋದೆ. ಅದು ಸುಳ್ಳಲ್ಲ."

"ಪೆದ್ದ!"

ಅವನು ಬೆಚ್ಚಿದ.

"ಪೆದ್ದ ನೀನು! ಎರಡು ವರ್ಷ! ನಿನಗೆ ನಾನು ಬೇಡವಾಗಿದ್ದೆ ಅಂತ ಎರಡು ವರ್ಷ ಅಂದ್ಕೊಂಡಿದ್ದೆ! ನೀನು ಒಳ್ಳೆಯವನಾಗೋಕೆ ಹೋಗಿ ನಾನು ಅಷ್ಟು ದಿನ ಒಬ್ಬಳೇ ಇದ್ದೆ ಕಣೋ!" ಅವಳ ಮುಷ್ಟಿ ಅವನ ಎದೆಗೆ ಬಡಿಯಿತು. ಎರಡನೆಯ ಸಲ ಬಡಿಯಲು ಹೋಗಿ, ಆ ಕೋಟನ್ನೇ ಹಿಡಿದುಕೊಂಡು ನಿಂತಿತು. "ಬೆಳಿಗ್ಗೆ ಜಗಳ ಆಡಿದ್ವಲ್ಲ... ಆ ಸಿಟ್ಟಲ್ಲಿ ನನ್ನ ಮರೆತುಬಿಟ್ಟೆ ಅಂತ..."

"ಮರೆಯೋದಾ?" ಅವನಿಗೆ ನಗುವೋ ಅಳುವೋ ತಿಳಿಯದ ದನಿ ಬಂತು. "ಆವತ್ತು ಬೆಳಿಗ್ಗೆಯಿಂದ ಒಂದೇ ಯೋಚನೆ ಮಾಡ್ತಾ ನಡೀತಿದ್ದೆ ಯಾಸ್ನಾ. ತೆಮುಕೊಗೆ ಬಂದುಬಿಡ್ತೀನಿ, ಸರಿ... ಆದರೆ ಹಿಮಾನೇ ಬೀಳದ ಊರಲ್ಲಿ ಹಿಮ ಬಾಚೋನಿ‌ಗೆ ಯಾರು ಕೆಲಸ ಕೊಡ್ತಾರೆ ಅಂತ."

ಅವಳು ಅಳುತ್ತಳುತ್ತಲೇ ನಕ್ಕುಬಿಟ್ಟಳು. ಹಣೆಯನ್ನು ಅವನ ಎದೆಗೆ ಒರಗಿಸಿದಳು. ಕೋಟಿನ ಒಳಗೆ ಅವನ ಎದೆ ಏರುಹತ್ತಿದವನ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು.

"ಬೆಳಿಗ್ಗೆ ಯಾಕೆ ನಾನು ಪೊರಕೆ ಬೇಡ ಅಂದೆ?"

"ಯಾರಾದ್ರೂ ತಪ್ಪಿಸಿಕೊಂಡರೆ... ಆ ಸಂಕಟ ನಿನಗೆ ಬೇಡ ಅಂತ."

"ಇನ್ನು ಮೇಲೆ ನನ್ನ ಪರವಾಗಿ ಸುಮ್ಮನೆ ಇರಬೇಡ. ನನ್ನ ತಪ್ಪು ನನಗೆ ಹೇಳು. ನನ್ನ ಪಾಲಿನ ಸಂಕಟ ನನಗೆ ಕೊಡು. ಗೊತ್ತಾಯ್ತಾ?"

"ಗೊತ್ತಾಯ್ತು."

"ನಾನೂ ಫೋನ್ ತೆಗೀತೀನಿ."

ಹಿಂದಿನಿಂದ ತಿಯಾ ಎರ್ಮಿಂದರ ಕೂಗು ಬಂತು. "ಏ! ಮಾತಾಡೋರು ಮಾತಾಡ್ತಾ ಇರಿ, ಇಳಿಯೋರು ಇಳೀತೀವಿ! ಮುಂದೆ ನಾನು ನಡೀತೀನಿ, ಈ ಮುದುಕನ್ನ ನಡುವೆ ಹಾಕ್ಕೊಂಡು!"

"ಯಾರು ಮುದುಕ? ನಿಂಗೆ ಎಪ್ಪತ್ತು, ನಂಗೆ ಅರವತ್ತಾರು!"

ಸಾಲು ದಿಬ್ಬ ಇಳಿಯತೊಡಗಿತು. ಮಟ್ಟಸವಾದ ಬಿಳುಪಿನ ಮೇಲೆ ಒಂದೇ ಒಂದು ದಾರಿ, ಒಬ್ಬರ ಕಾಲು ಹಿಡಿಯುವಷ್ಟೇ ಅಗಲ. ಆರು ಜನ ಅದರೊಳಗೆ ಒಬ್ಬರ ಹಿಂದೊಬ್ಬರು ಚಿಕ್ಕವರಾಗುತ್ತ ಹೋದರು.

ಫೆರ್ಮಿನ್ ಆ ದಾರಿಗೆ ಇಳಿದು, ಅವಳಿಗಿಂತ ಮುಂದೆ ಹೋಗಿ ನಿಂತ.

"ಮುಂದೆ ಹೋಗಬೇಡ," ಅಂದಳು ಯಾಸ್ನಾ.

"ಹಿಂದೆ ಬರೋ ಹಾಗಿಲ್ಲ. ಪೊರಕೆ ನೀನು."

"ಪಕ್ಕಕ್ಕೆ ಬಾ."

ಅವನು ದಾರಿಯ ಆಚೆಗಿನ ಯಾರೂ ಮುಟ್ಟದ ಹಿಮವನ್ನು ನೋಡಿದ.

"ಪಕ್ಕದಲ್ಲಿ ದಾರಿ ಇಲ್ವಲ್ಲ ಯಾಸ್ನಾ. ಮೊಣಕಾಲ ತನಕ ಹೂತುಹೋಗುತ್ತೆ."

"ಗೊತ್ತು," ಎಂದು ಅವಳು ಕೈ ಚಾಚಿದಳು. "ತುಳಿ."